ಬಾನೆಟ್ ಕೆಳಗೆ ಬಟ್ಟೆಯೇ ಮೇಲು

ಆಯುಧಪೂಜೆ ಹತ್ತಿರ ಬಂತೆಂದರೆ ಚಂದಕವಾಡಿ, ಹರವೆ ಕಡೆಯ ಕಾರುಗಳೆಲ್ಲ ಚಾಮರಾಜನಗರದ ವಾಟರ್ ಸರ್ವಿಸ್ ಮುಂದೆ ಸಾಲುಗಟ್ಟುತ್ತವೆ. ಮೈಗೆಲ್ಲ ನೊರೆ ಹೊಡೆದು ತೊಳೆದಾದ ಮೇಲೆ ಬರುವ ಪ್ರಶ್ನೆ ಒಂದೇ: ‘ಎಂಜಿನ್‌ಗೂ ಹೊಡ್ದ್‌ಬುಡ್ಲಾ ಸಾ?’ ಹೂಂ ಅಂದವರಲ್ಲಿ ಒಬ್ಬಿಬ್ಬರ ಗಾಡಿ ಮರುದಿನ ಹಾರ ಹಾಕಿಸಿಕೊಂಡು, ನಿಂಬೆಹಣ್ಣಿನ ಮೇಲೆ ಹತ್ತಬೇಕಾದ ಹೊತ್ತಿಗೆ ಸ್ಟಾರ್ಟ್ ಆಗದೆ ಕೂರುತ್ತದೆ. ತಪ್ಪು ಬ್ಯಾಟರಿಯ ತಲೆಗೆ ಬರುತ್ತದೆ, ಇಲ್ಲವೇ ಬಂಕಿನ ಪೆಟ್ರೋಲಿನ ತಲೆಗೆ. ಅಸಲಿಗೆ ಗಾಡಿಯನ್ನು ಕೂರಿಸಿದ್ದು ನೀರಿನ ರಭಸ, ಎಂಜಿನ್ನಿನ ಬಿಸಿ ಮತ್ತು ಒಣಗಲು ಬಿಡದ ಅವಸರ. ಈ ಮೂರನ್ನೂ ತಪ್ಪಿಸಿದರೆ ಎಂಜಿನ್ ಶುಚಿ ಮಾಡುವುದರಲ್ಲಿ ಅಪಾಯವಿಲ್ಲ. ತಪ್ಪಿಸಬೇಕೆಂದರೆ ಪೈಪನ್ನು ಬದಿಗಿಟ್ಟು ಬ್ರಷ್ಷು, ಬಟ್ಟೆಗಳನ್ನು ನಂಬಬೇಕು.

ಈಗಿನ ಪೆಟ್ರೋಲ್ ಎಂಜಿನ್ನಿನ ಮೇಲಿನ ಪ್ಲಾಸ್ಟಿಕ್ ಮುಚ್ಚಳ ತೆಗೆದು ನೋಡಿ. ಸಿಲಿಂಡರಿಗೊಂದು ಆಳವಾದ ಗುಂಡಿ, ಅದರ ತಳದಲ್ಲಿ ಸ್ಪಾರ್ಕ್ ಪ್ಲಗ್, ಪ್ಲಗ್ಗಿನ ನೆತ್ತಿಗೆ ಕೂತ ಇಗ್ನಿಷನ್ ಕಾಯಿಲ್, ಗುಂಡಿಯ ಬಾಯಿಗೆ ರಬ್ಬರ್ ಸೀಲು. ಜೆಟ್ಟಿನ ನೀರು ಆ ಸೀಲನ್ನು ಸರಿಸಿ ಒಳಗಿಳಿದರೆ ಸುಲಭವಾಗಿ ಹೊರಬರುವುದಿಲ್ಲ. ಕಾಯಿಲ್ ಹುಟ್ಟಿಸುವುದು ಹತ್ತಾರು ಸಾವಿರ ವೋಲ್ಟ್. ಒದ್ದೆ ಸಿಕ್ಕಿದರೆ ಅದು ಪ್ಲಗ್ಗಿನ ತುದಿಗೆ ಹೋಗದೆ ಪಕ್ಕದ ಲೋಹಕ್ಕೆ ಸೋರಿಹೋಗುತ್ತದೆ. ಆ ಸಿಲಿಂಡರಿನಲ್ಲಿ ಕಿಡಿಯೇ ಇಲ್ಲ, ಎಂಜಿನ್ ನಡುಗುತ್ತದೆ. ಊರೊಳಗೆ ಸರಿಯಾಗಿಯೇ ಓಡಿದ ಗಾಡಿ ಏರಿನಲ್ಲಿ ಮಿಸ್ ಹೊಡೆಯುವುದೂ ಉಂಟು, ಏಕೆಂದರೆ ಭಾರ ಎಳೆಯುವಾಗ ಕಿಡಿಗೆ ಬೇಕಾಗುವ ವೋಲ್ಟೇಜು ಹೆಚ್ಚು. ದಿಂಬಂ ಘಾಟಿಯ 27 ತಿರುವುಗಳು, ಗುಂಡ್ಲುಪೇಟೆಯಿಂದ ಊಟಿಗೆ ಹೋಗುವಾಗ ಸಿಗುವ ಕಲ್ಲಹಟ್ಟಿಯ 36 ತಿರುವುಗಳು ಇಂಥ ಹುಳುಕನ್ನು ಹೊರಹಾಕುವ ಜಾಗಗಳು. ಗಾಡಿಯಿಂದ ಇಳಿಯಬಾರದ ಬಂಡೀಪುರದ ಕಾಡು ನಡುವೆ ಬೇರೆ ಇದೆ. ಉರಿಯದ ಪೆಟ್ರೋಲು ಮುಂದೆ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿದು ಅದನ್ನೂ ಸುಡಬಹುದು. ಬಿಸಿಯ ಕಥೆ ಬೇರೆ: ಕಾದ ಕನೆಕ್ಟರಿನ ಮೇಲೆ ತಣ್ಣೀರು ಬಿದ್ದರೆ ಒಳಗಿನ ಗಾಳಿ ಕುಗ್ಗಿ ಸುತ್ತಲಿನ ತೇವವನ್ನು ಎಳೆದುಕೊಳ್ಳುತ್ತದೆ. ಅಂದು ಏನೂ ಆಗದೆ, ತಿಂಗಳುಗಳ ಮೇಲೆ ಪಿನ್ನಿನಲ್ಲಿ ಹಸಿರು ಕಿಲುಬು ಕಾಣುತ್ತದೆ.

ಮಳೆಯಲ್ಲಿ ಓಡಿ ಕೆಡದ ಗಾಡಿ ತೊಳೆದರೆ ಕೆಡುತ್ತದೆಯೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಮಳೆಗೆ ಬಾನೆಟ್ ಕೊಡೆಯಿದೆ, ಚಕ್ರದ ಎರಚಲಿಗೆ ಅಡಿಯಲ್ಲಿ ತಡೆಯಿದೆ. ಮೇಲಿನಿಂದ ನೇರವಾಗಿ ಬಡಿಯುವ ಧಾರೆಗೆ ಏನೂ ಇಲ್ಲ. ವಾಟರ್‌ಪ್ರೂಫ್ ಅನ್ನುವ ಮಾತಿಗೂ ಮಿತಿಯಿದೆ. ಐಪಿ 67 ದರ್ಜೆಯ ಕನೆಕ್ಟರು ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷ ತಡೆದುಕೊಳ್ಳಬೇಕು, ಆದರೆ ಅದು ನಿಂತ ನೀರಿನ ಪರೀಕ್ಷೆ. ಹತ್ತಿರದಿಂದ 80ರಿಂದ 100 ಬಾರ್ ಒತ್ತಡದಲ್ಲಿ ಹೊಡೆಯುವ ನೀರಿಗೆ ಐಪಿ 69ಕೆ ಎಂಬ ಬೇರೆಯದೇ ಪರೀಕ್ಷೆ ಇದೆ. ಒಂದರಲ್ಲಿ ಪಾಸಾದದ್ದು ಇನ್ನೊಂದರಲ್ಲೂ ಪಾಸಾಗಬೇಕೆಂದಿಲ್ಲ. ಕೆರೆಗಿಳಿಸಿ ತೊಳೆದ ಟ್ರ್ಯಾಕ್ಟರಿಗೆ ಏನಾಗಿತ್ತು ಅನ್ನುವುದು ಇನ್ನೊಂದು ವಾದ. ಆ ಹಳೇ ಡೀಸೆಲ್ ಎಂಜಿನ್ನಿಗೆ ಪ್ಲಗ್ಗೂ ಇಲ್ಲ, ಸೆನ್ಸರೂ ಇಲ್ಲ; ಒಮ್ಮೆ ಚಾಲೂ ಆದರೆ ಓಡಲು ಕರೆಂಟೇ ಬೇಡ. ಅದೇ ಕಾಲದ ಪೆಟ್ರೋಲ್ ಅಂಬಾಸಿಡರ್ ಮಳೆಗೆ ನಿಂತರೆ ಡ್ರೈವರು ಡಿಸ್ಟ್ರಿಬ್ಯೂಟರ್ ಕ್ಯಾಪ್ ಬಿಚ್ಚಿ ಒರೆಸುತ್ತಿದ್ದರು. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಗಾಡಿಗಳಲ್ಲಿ ಡೀಸೆಲ್ಲಿಗೂ ಮೈತುಂಬ ಸೆನ್ಸರುಗಳು.

ಹಾಗಾದರೆ ಮುಟ್ಟದೆ ಬಿಟ್ಟುಬಿಡೋಣವೇ? ಅದೂ ಸರಿಯಲ್ಲ. ಕರಿಕಲ್ಲಿನ ಕ್ವಾರಿಗಳ ಈ ಸೀಮೆಯ ನುಣುಪು ಧೂಳು ಎಣ್ಣೆಯ ಜಿಡ್ಡಿಗೆ ಮೆತ್ತಿ ಗಟ್ಟಿಯಾಗುತ್ತದೆ, ಹುಳು-ಹುಪ್ಪಟೆ ರೇಡಿಯೇಟರಿನ ಸಂದಿಗಳನ್ನು ಮುಚ್ಚುತ್ತವೆ, ಹೊಲದ ಇಲಿ ಒಣಹುಲ್ಲು ತಂದು ಗೂಡು ಕಟ್ಟುತ್ತದೆ. ಶುಚಿ ಮಾಡಲೇಬೇಕು; ಕ್ರಮ ಮಾತ್ರ ಬದಲಾಗಬೇಕು. ಬೆಳಗ್ಗೆ, ಕೈಯಿಟ್ಟರೆ ತಣ್ಣಗಿರುವ ಎಂಜಿನ್ ಮೇಲೆ ಕೆಲಸ ಶುರುವಾಗಲಿ. ಮೊದಲು ಕಸ, ಎಲೆ ಕೈಯಲ್ಲಿ ತೆಗೆಯಿರಿ. ಆಮೇಲೆ ಗಾಳಿ: ಪಂಕ್ಚರ್ ಅಂಗಡಿಯ ಕಂಪ್ರೆಸರ್ ಸಾಕು, ತುಸು ದೂರದಿಂದ ಹಿಡಿಯಬೇಕು. ಜಿಡ್ಡಿರುವಲ್ಲಿ ಮಾತ್ರ ಡಿಗ್ರೀಸರ್ ಬ್ರಷ್ಷಿಗೆ ಹಚ್ಚಿ ಉಜ್ಜಿ, ಹಿಂಡಿದ ಬಟ್ಟೆಯಲ್ಲಿ ಒರೆಸಿ. ನೀರು ಬೇಕೇಬೇಕಾದರೆ ಆಲ್ಟರ್ನೇಟರ್, ಫ್ಯೂಸ್ ಬಾಕ್ಸ್, ಕಾಯಿಲ್‌ಗಳು ಮತ್ತು ಗಾಳಿ ಒಳಹೋಗುವ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ ಕೈಪಂಪಿನಲ್ಲಿ ಚಿಮುಕಿಸಿ. ಕಟ್ಟಿದ್ದನ್ನು ಮರೆಯದೆ ಬಿಚ್ಚಿ. ಬ್ಯಾಟರಿ ಟರ್ಮಿನಲ್ಲಿನ ಬಿಳಿ ಪುಡಿಗೆ ಅಡುಗೆ ಸೋಡಾ ಕಲಸಿದ ನೀರು, ಹಳೇ ಹಲ್ಲುಜ್ಜುವ ಬ್ರಷ್ಷು ಸಾಕು. ಬಿಚ್ಚುವಾಗ ನೆಗೆಟಿವ್ ಮೊದಲು, ಕೂಡಿಸುವಾಗ ನೆಗೆಟಿವ್ ಕೊನೆಗೆ. ಕೊನೆಯಲ್ಲಿ ಗಾಳಿ ಹೊಡೆದು, ಬಾನೆಟ್ ತೆರೆದು ಬಿಸಿಲಿಗೆ ಬಿಟ್ಟು, ಒಣಗಿದ ಮೇಲೇ ಸ್ಟಾರ್ಟ್ ಮಾಡಿ.

ಇಷ್ಟಾದರೂ ಹತ್ತಲಿಲ್ಲವೆಂದರೆ ಕೀಲಿ ತಿರುಗಿಸುತ್ತಲೇ ಇರಬೇಡಿ, ಬ್ಯಾಟರಿಯೂ ಸ್ಟಾರ್ಟರೂ ಸುಮ್ಮನೆ ಸೋಲುತ್ತವೆ. ಕಾಯಿಲ್‌ಗಳನ್ನು ಬಿಚ್ಚಿ, ಗುಂಡಿಯ ನೀರನ್ನು ಗಾಳಿಯಿಂದ ಹಾರಿಸಿ, ರಬ್ಬರ್ ಒರೆಸಿ ಕೂರಿಸಿದರೆ ಬಹುಪಾಲು ಗಾಡಿಗಳು ಸರಿಹೋಗುತ್ತವೆ. ಚೆಕ್ ಎಂಜಿನ್ ದೀಪ ಮಿಣುಕುತ್ತಿದ್ದರೆ ಓಡಿಸದೆ ಮೆಕ್ಯಾನಿಕ್ಕನ್ನೇ ಕರೆಸುವುದು ಅಗ್ಗ.

ಉಳಿದದ್ದು ಹೊಳಪಿನ ಆಸೆ. ತೊಳೆದ ಮೇಲೆ ಡೀಸೆಲ್ ಸ್ಪ್ರೇ ಹೊಡೆದರೆ ಎಂಜಿನ್ ಹೊಸದರಂತೆ ಮಿನುಗುತ್ತದೆ ನಿಜ. ಆದರೆ ಆ ಪದರ ರಬ್ಬರ್ ಹೋಸುಗಳನ್ನು ಉಬ್ಬಿಸುತ್ತದೆ, ವಾರದೊಳಗೆ ಎರಡರಷ್ಟು ಧೂಳು ಹಿಡಿಯುತ್ತದೆ, ಹೊಸದಾಗಿ ಆಯಿಲ್ ಸೋರಿದರೆ ಅದನ್ನೂ ಮರೆಮಾಡುತ್ತದೆ. ಎಂಜಿನ್ ಶುಚಿ ಮಾಡುವುದರ ಮುಖ್ಯ ಲಾಭವೇ ಸೋರಿಕೆಯನ್ನು ಬೇಗ ಕಾಣುವುದು. ಒರೆಸಿಟ್ಟ ಎಂಜಿನ್ ಮಂಕಾಗಿ ಕಂಡರೂ, ಮುಂದಿನ ಭಾನುವಾರ ಅದರ ಮೇಲೆ ಒಂದು ತೊಟ್ಟು ಎಣ್ಣೆ ಮೂಡಿದರೆ ಎಲ್ಲಿಂದ ಬಂತೆಂದು ಹೇಳಬಲ್ಲದು. ಆ ಒಂದು ತೊಟ್ಟನ್ನು ಹೊತ್ತಿಗೆ ಸರಿಯಾಗಿ ಕಂಡವರು ಸೀಲಿನ ದುಡ್ಡಲ್ಲಿ ಎಂಜಿನ್ ಉಳಿಸಿಕೊಳ್ಳುತ್ತಾರೆ.