ಲ್ಯಾಟಿನ್ ವ್ಯಾಕರಣದ ಪ್ರಶ್ನೋತ್ತರ ಗ್ರಂಥಗಳು

ಕ್ರಿಸ್ತಶಕ 4ನೆಯ ಶತಮಾನದ ನಡುಭಾಗದಲ್ಲಿ ರೋಮ್ ನಗರದ ಉಪಾಧ್ಯಾಯನಾಗಿದ್ದ ಡೊನಾಟಸನು ಬಾಲಕರಿಗಾಗಿ ರಚಿಸಿದ ‘ಆರ್ಸ್ ಮೈನರ್’ ಎಂಬ ಕಿರುಗ್ರಂಥವು ಸಾವಿರ ವರ್ಷಗಳಿಗೂ ಮಿಕ್ಕು ಯೂರೋಪಿನ ಶಾಲೆಗಳಲ್ಲಿ ನಿಂತಿತು. 1450ರ ದಶಕದಲ್ಲಿ ಗುಟೆನ್‌ಬರ್ಗನ ಅಚ್ಚುಮೊಳೆಗಳಿಂದ ಮೊದಮೊದಲು ಹೊರಬಂದ ಪುಸ್ತಕಗಳಲ್ಲಿ ಇದೂ ಒಂದು. ಇಂಗ್ಲಿಷಿನಲ್ಲಿ ಗ್ರಂಥಕರ್ತನ ಹೆಸರೇ ‘ಡೋನೆಟ್’ ಎಂದಾಗಿ, ಯಾವ ವಿದ್ಯೆಯ ಮೊದಲ ಪುಸ್ತಕಕ್ಕೂ ಸಲ್ಲುವ ಮಾತಾಯಿತು. ಇಷ್ಟು ಮನ್ನಣೆ ಪಡೆದ ಗ್ರಂಥದ ಗುಣದೋಷಗಳು ವಿಚಾರಾರ್ಹವಾಗಿವೆ.

ಗ್ರಂಥವೆಲ್ಲವೂ ಪ್ರಶ್ನೋತ್ತರ ರೂಪದಲ್ಲಿದೆ. ಪದಜಾತಿಗಳೆಷ್ಟೆಂದು ಕೇಳಿ, ಎಂಟೆಂದು ಹೇಳಿ, ನಾಮಪದದಿಂದ ತೊಡಗಿ ಭಾವಸೂಚಕ ಅವ್ಯಯದವರೆಗೆ ಒಂದೊಂದರ ಲಕ್ಷಣವನ್ನೂ ಬಿಡಿಸುತ್ತ ಹೋಗುತ್ತದೆ. ಒಂದು ಉತ್ತರದಿಂದಲೇ ಮುಂದಿನ ಪ್ರಶ್ನೆಯು ಹುಟ್ಟುವುದರಿಂದ ನಡುವೆ ಎಳೆ ತಪ್ಪುವಂತಿಲ್ಲ. ಪುಸ್ತಕವು ದುರ್ಲಭವಾಗಿದ್ದ ಕಾಲದಲ್ಲಿ ಬಾಯಿಪಾಠಕ್ಕೆ ಇದು ಬಹಳ ಅನುಕೂಲವಾದ ಕಟ್ಟು.

ಆದರೆ ಈ ಪ್ರಶ್ನೆಗಳು ನಿಜವಾಗಿಯೂ ಪ್ರಶ್ನೆಗಳೇ? ಉತ್ತರವನ್ನು ಬಾಲಕನು ಕಂಡುಕೊಳ್ಳಬೇಕಾಗಿಲ್ಲ, ಒಪ್ಪಿಸಿದರೆ ಸಾಕು. ನಾಮಪದಗಳಿಗೆ ಕೊಟ್ಟಿರುವ ಮಾದರಿಗಳು ಐದೇ, ಅವೂ ಲಿಂಗಾನುಸಾರವಾಗಿವೆ. ಲ್ಯಾಟಿನ್ನಿನ ಐದು ನಾಮವರ್ಗಗಳಲ್ಲಿ ಕೊನೆಯ ಎರಡಕ್ಕೆ ಮಾದರಿಯೇ ಇಲ್ಲ. ಮನೆಯಲ್ಲಿ ಲ್ಯಾಟಿನ್ ಆಡುತ್ತಿದ್ದ ಹುಡುಗನಿಗೆ ಇದು ಕೊರತೆಯಲ್ಲ. ಅವನಿಗೆ ಬಲ್ಲ ಮಾತಿನ ಹೆಸರುಗಳಷ್ಟೇ ಬೇಕಾಗಿದ್ದವು. ಗ್ರಂಥವು ಆ ಭಾಷೆಯನ್ನೇ ಅರಿಯದ ದೇಶಗಳಿಗೆ ಹೋದಾಗ ತೊಡಕು ಹುಟ್ಟಿತು. 8ನೆಯ ಶತಮಾನದಲ್ಲಿ ಇಂಗ್ಲೆಂಡಿನ ಟ್ಯಾಟ್‌ವಿನ್, ಬೋನಿಫಸ್ ಮೊದಲಾದವರು ರೂಪಾವಳಿಗಳನ್ನು ಸೇರಿಸಿ ಬೇರೆ ವ್ಯಾಕರಣಗಳನ್ನು ಬರೆಯಬೇಕಾಯಿತು.

6ನೆಯ ಶತಮಾನದ ಆದಿಯಲ್ಲಿ ಗ್ರೀಕ್ ನುಡಿಯ ಕಾನ್‌ಸ್ಟಾಂಟಿನೋಪಲಿನಲ್ಲಿ ಪಾಠ ಹೇಳುತ್ತಿದ್ದ ಪ್ರಿಸ್ಕಿಯನನು ಇದೇ ಪದ್ಧತಿಯನ್ನು ಬೇರೆ ಬಗೆಯಲ್ಲಿ ನಡೆಸಿದನು. ವರ್ಜಿಲನ ‘ಈನಿಯಡ್’ ಮಹಾಕಾವ್ಯದ ಹನ್ನೆರಡು ಸರ್ಗಗಳ ಮೊದಲ ಪಂಕ್ತಿಗಳನ್ನು ಮುಂದಿಟ್ಟುಕೊಂಡು, ಗಣವೆಷ್ಟು, ಪದವೆಷ್ಟು, ಈ ಪದದ ಲಿಂಗವಾವುದು, ವಿಭಕ್ತಿಯಾವುದು, ಇದರಿಂದ ಹುಟ್ಟುವ ಪದಗಳಾವುವು ಎಂದು ಕೇಳುತ್ತಾನೆ. ಉತ್ತರಗಳನ್ನು ಈತನೂ ಕೊಟ್ಟಿದ್ದಾನೆ, ನಿಜ. ಆದರೆ ಕಾವ್ಯದ ಪಂಕ್ತಿಯು ಕಣ್ಣೆದುರಿಗಿರುವುದರಿಂದ ಶಿಷ್ಯನು ಉತ್ತರವನ್ನು ಒರೆಹಚ್ಚಬಲ್ಲನು, ಮುಂದಿನ ಪಂಕ್ತಿಯನ್ನು ತಾನೇ ಬಿಡಿಸಬಲ್ಲನು.

ಕ್ರಿಸ್ತಶಕ 1000ದ ಸುಮಾರಿಗೆ ಇಂಗ್ಲೆಂಡಿನ ಎಲ್‌ಫ್ರಿಕ್ ಎಂಬ ಸಂನ್ಯಾಸಿಯು ಇನ್ನೂ ಒಂದು ಹೆಜ್ಜೆ ಮುಂದೆ ಹೋದನು. ಲ್ಯಾಟಿನ್ ವ್ಯಾಕರಣವನ್ನು ಮಕ್ಕಳ ನುಡಿಯಾದ ಇಂಗ್ಲಿಷಿನಲ್ಲಿಯೇ ಬರೆದನು. ಅವನ ಲ್ಯಾಟಿನ್ ಸಂವಾದದಲ್ಲಿ ಬಾಲಕರು ಉಳುವವನಾಗಿ, ಕುರಿಗಾಹಿಯಾಗಿ, ಬೆಸ್ತನಾಗಿ ಗುರುವಿಗೆ ಉತ್ತರ ಕೊಡುತ್ತಾರೆ. ತನ್ನ ದುಡಿಮೆಯು ಕಠಿನವೆಂದೂ ತಾನು ಸ್ವತಂತ್ರನಲ್ಲವೆಂದೂ ಉಳುವವನು ಹೇಳುವಾಗ ಕ್ರಿಯಾಪದದ ರೂಪದೊಡನೆ ಒಬ್ಬ ಮನುಷ್ಯನ ಬಾಳೂ ಹುಡುಗನ ನಾಲಗೆಗೆ ಬರುತ್ತದೆ.

ಡೊನಾಟಸನ ಸಂಕ್ಷೇಪವನ್ನು ಹಳಿಯುವುದು ಯುಕ್ತವಲ್ಲ. ಅವನಿಟ್ಟ ಹೆಸರುಗಳಿಲ್ಲದೆ ಉಳಿದಿಬ್ಬರೂ ಪಾಠ ನಡೆಸಲಾರರು. ಆದರೆ ಅವನ ಪುಸ್ತಕವೊಂದನ್ನೇ ಒಪ್ಪಿಸಿದ ಹುಡುಗನು ವ್ಯಾಕರಣವನ್ನು ಬಲ್ಲನು, ಭಾಷೆಯನ್ನು ಅರಿಯನು. ಪ್ರಶ್ನೋತ್ತರವು ಫಲಿಸಬೇಕಾದರೆ ಶಿಷ್ಯನ ಮುಂದೆ ಒಂದು ವಾಕ್ಯವಾದರೂ ಇರಬೇಕು.