ಬಾಗಿಲ ಮೇಲಿನ ಬರಹ: ಗಡಿಶಾಲೆಯ ಶೌಚಾಲಯದ ಒಂದು ಓದು

ನನ್ನ ದನಿ ಎಲ್ಲರಿಗೂ ಕೇಳಿಸ್ತಿದೆ ಅಂದ್ಕೊಂಡು ಶುರು ಮಾಡ್ತೀನಿ. ಗಡಿಯಾಚೆಯ ಕನ್ನಡ ಶಾಲೆ ಅಂದ ಕೂಡಲೇ ನಾವು ಪಠ್ಯಪುಸ್ತಕ, ಶಿಕ್ಷಕರ ನೇಮಕಾತಿ, ಶಾಲೆ ಮುಚ್ಚಿಹೋಗುವ ಭಯ ಇವನ್ನೇ ಚರ್ಚಿಸ್ತೀವಿ. ಅವೆಲ್ಲ ಬೇಕಾದ ಚರ್ಚೆಗಳೇ. ಆದರೆ ನಾನು ಇವತ್ತು ಓದಲು ಆರಿಸಿಕೊಂಡಿರುವ ಪಠ್ಯ ಬಹಳ ಚಿಕ್ಕದು, ಎರಡೇ ಪದ. ಶಾಲೆಯ ಶೌಚಾಲಯದ ಎರಡು ಬಾಗಿಲುಗಳ ಮೇಲೆ ಬರೆದಿರುವ ಪದಗಳು. ಸಾಹಿತ್ಯದ ವಿದ್ಯಾರ್ಥಿಗೆ ಇದೆಂಥ ವಿಷಯ ಅಂತ ಅನ್ನಿಸಬಹುದು. ಪ್ರಬಂಧ ಮುಗಿಯುವ ಹೊತ್ತಿಗೆ ಇದು ನಮ್ಮ ವಿಷಯವೂ ಹೌದು ಅಂತ ಒಪ್ಪಿಸುವ ಪ್ರಯತ್ನ ಮಾಡ್ತೀನಿ.

ನಾನು ಏಳನೇ ತರಗತಿಯವರೆಗೆ ಓದಿದ್ದು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ. ಹೊಲದ ಕಡೆಯ ಗೋಡೆಗೆ ಹೊಂದಿಕೊಂಡು ಎರಡು ಕೋಣೆ. ಒಂದರ ಮೇಲೆ ‘ಮುಲೇ’, ಇನ್ನೊಂದರ ಮೇಲೆ ‘ಮುಲೀ’ ಅಂತ ನೀಲಿ ಬಣ್ಣದಲ್ಲಿ ಮರಾಠಿಯಲ್ಲಿ ಬರೆದಿತ್ತು. ಮರಾಠಿಯಲ್ಲಿ ‘ಮುಲೇ’ ಅಂದರೆ ಹುಡುಗರು, ‘ಮುಲೀ’ ಅಂದರೆ ಹುಡುಗಿಯರು. ಎರಡಕ್ಕೂ ನಡುವೆ ಇರುವ ವ್ಯತ್ಯಾಸ ಒಂದೇ ಒಂದು ಸ್ವರಚಿಹ್ನೆ. ಒಂದನೇ ತರಗತಿಯ ನಮಗೆ ಕನ್ನಡ ಅಕ್ಷರ ಕೂಡಿಸುವುದೇ ಆಗ ತಾನೇ ಬರುತ್ತಿತ್ತು, ದೇವನಾಗರಿ ಇನ್ನೂ ದೂರದ ಮಾತು. ದೊಡ್ಡವರು ಓದಿ ಹೇಳಿದಾಗ ನನ್ನ ಕಿವಿಗೆ ಅದು ‘ಮೂಲಿ’ ಅಂತ ಕೇಳಿಸಿತು. ನಮ್ಮ ಕಡೆ ಮೂಲೆಗೆ ಮೂಲಿ ಅಂತಾರೆ. ಆ ಕೋಣೆಗಳಿದ್ದದ್ದೂ ಅಂಗಳದ ಮೂಲೆಯಲ್ಲೇ. ಅದು ಜಾಗದ ಹೆಸರು ಅಂತಲೇ ಬಹಳ ದಿನ ನಂಬಿದ್ದೆ. ನಿಜವಾದ ಗುರುತು ಹೇಳಿಕೊಟ್ಟವರು ಏಳನೇ ತರಗತಿಯ ಅಕ್ಕಂದಿರು: “ನೀರಿನ ಟಾಕಿ ಕಡೀದು ನಮ್ದು, ಬೇವಿನ ಗಿಡದ ಕಡೀದು ಹುಡುಗುರ್ದು.”

ನಮ್ದು ಅಂದದ್ದಕ್ಕೆ ವರ್ಷದ ಬಹುಪಾಲು ಬೀಗ. ಕೀಲಿಕೈ ಗುರೂಜಿಯವರ ಮೇಜಿನ ಖಾನೆಯಲ್ಲಿ. ಕೇಳಿದರೆ, “ನೀರಿಲ್ಲ, ಹೊಲಸ ಆಕ್ಕೈತಿ” ಎಂಬ ಉತ್ತರ. ಟಾಕಿ ಇತ್ತು, ಟಾಕಿಯಲ್ಲಿ ನೀರಿರಲಿಲ್ಲ. ಆರನೇ ತರಗತಿಗೆ ಬಂದಮೇಲೆ ಅವ್ವ ದಿನಾ ಹೇಳುತ್ತಿದ್ದ ಮಾತು, “ಮುಂಜಾನೆ ನೀರ ಭಾಳ ಕುಡೀಬ್ಯಾಡವಾ.” ತಿಂಗಳಿಗೆ ಮೂರು ನಾಲ್ಕು ದಿನ ಶಾಲೆಯೇ ಇಲ್ಲ. ಹಾಜರಿ ಪುಸ್ತಕದಲ್ಲಿ ಅದಕ್ಕೆ ಯಾವ ಕಾರಣವೂ ಬರೆದಿರುವುದಿಲ್ಲ, ಬರೀ ಗೈರುಹಾಜರಿ.

ಇಲ್ಲಿ ನಮ್ಮ ಭಾಷೆಯನ್ನು ಸ್ವಲ್ಪ ಗಮನಿಸಬೇಕು. ನಮ್ಮ ಕಡೆ ಶೌಚಕ್ಕೆ ಹೋಗುವುದಕ್ಕೆ ‘ಹೊರಕಡೆ ಹೋಗೂದು’ ಅಂತೀವಿ. ಮುಟ್ಟಾಗುವುದಕ್ಕೆ ‘ಹೊರಗಾಗೂದು’ ಅಂತೀವಿ. ಎರಡೂ ‘ಹೊರಗೆ’ ನಡೆಯುವ ಸಂಗತಿಗಳು. ಮನೆಯಲ್ಲಿ ಶೌಚಾಲಯ ಇಲ್ಲದಿದ್ದಾಗ ಹುಟ್ಟಿದ ಮಾತು ಒಂದು, ಮುಟ್ಟಿನ ಮೈಲಿಗೆಯಿಂದ ಹುಟ್ಟಿದ್ದು ಇನ್ನೊಂದು. ಶಾಲೆಯ ಶೌಚಾಲಯದಲ್ಲಿ ಈ ಎರಡೂ ‘ಹೊರಗೆ’ಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ‘ಶೌಚಾಲಯ’ ಎಂಬ ಸಂಸ್ಕೃತ ಪದದಲ್ಲಿ ಆಲಯ ಇದೆ, ಅಂದರೆ ಮನೆ. ಕಟ್ಟಡವೇನೋ ಬಂತು. ಅದರ ಸುತ್ತಲಿನ ನಡವಳಿಕೆ ಮಾತ್ರ ಇನ್ನೂ ಹೊರಗೇ ಉಳಿದಿದೆ.

ಈಗ ಚರ್ಚೆಗೆ ಬರ್ತೀನಿ. ಶಾಲೆಯಲ್ಲಿ ಗಂಡು ಹೆಣ್ಣಿಗೆ ಬೇರೆ ಬೇರೆ ಶೌಚಾಲಯ ಇರಬೇಕೋ, ಎಲ್ಲರಿಗೂ ಒಂದೇ ಇರಬೇಕೋ? 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಪ್ರತ್ಯೇಕ ಶೌಚಾಲಯ ಬೇಕು ಅನ್ನುತ್ತದೆ. 2014ರ ಏಪ್ರಿಲ್ 15ರಂದು ನಾಲ್ಸಾ ಪ್ರಕರಣದಲ್ಲಿ ಬಂದ ಸುಪ್ರೀಂ ಕೋರ್ಟಿನ ತೀರ್ಪು ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆ ಸಾರ್ವಜನಿಕ ಶೌಚಾಲಯದ ಸೌಲಭ್ಯ ಬೇಕೆಂದು ಸರ್ಕಾರಗಳಿಗೆ ಹೇಳಿತು. 2021ರ ಕೊನೆಯಲ್ಲಿ ಎನ್‌ಸಿಇಆರ್‌ಟಿ, ಶಾಲೆಗಳಲ್ಲಿ ಟ್ರಾನ್ಸ್‌ಜೆಂಡರ್ ಮಕ್ಕಳನ್ನು ಒಳಗೊಳ್ಳುವ ಬಗ್ಗೆ ಶಿಕ್ಷಕರಿಗಾಗಿ ಒಂದು ಕೈಪಿಡಿ ತಂದಿತು. ಎಲ್ಲರೂ ಬಳಸಬಹುದಾದ ಶೌಚಾಲಯದ ಸಲಹೆ ಅದರಲ್ಲಿತ್ತು. ಆಕ್ಷೇಪ ಬಂತು, ಮಕ್ಕಳ ಹಕ್ಕುಗಳ ರಾಷ್ಟ್ರೀಯ ಆಯೋಗ ಪ್ರಶ್ನೆ ಎತ್ತಿತು, ಕೆಲವೇ ದಿನಗಳಲ್ಲಿ ಕೈಪಿಡಿ ಜಾಲತಾಣದಿಂದ ಮಾಯವಾಯಿತು. ಆಮೇಲಿನ ವಾದವೆಲ್ಲ ಎರಡು ಗುಂಪಾಯಿತು. ಒಂದು ಗುಂಪಿಗೆ ಒಂದೇ ಶೌಚಾಲಯ ಎಂದರೆ ಸಂಸ್ಕೃತಿ ಹಾಳು. ಇನ್ನೊಂದು ಗುಂಪಿಗೆ ಎರಡು ಬಾಗಿಲು ಎಂದರೆ ಹಳೆಯ ಕಾಲ.

ಈ ಎರಡೂ ಗುಂಪಿನ ಬಗ್ಗೆ ನನ್ನ ತಕರಾರು ಒಂದೇ. ಇಬ್ಬರೂ ಬಾಗಿಲ ಮೇಲಿನ ಬರಹವನ್ನಷ್ಟೇ ಓದಿದರು, ಬಾಗಿಲನ್ನು ನೋಡಲಿಲ್ಲ. ಚಿಲಕ ಇದೆಯೇ, ಗೋಡೆ ನೆಲದಿಂದ ಸೂರಿನ ತನಕ ಇದೆಯೇ, ನೀರು ಬರುತ್ತದೆಯೇ, ಬಟ್ಟೆ ಅಥವಾ ಪ್ಯಾಡ್ ಹಾಕಲು ಡಬ್ಬಿ ಇದೆಯೇ, ಯಾರು ತೊಳೆಯುತ್ತಾರೆ ಎಂದು ಕೇಳಲಿಲ್ಲ. ಕೇಂದ್ರದ ಸಾರ್ವಜನಿಕ ಉದ್ದಿಮೆಗಳು ಕಟ್ಟಿಸಿದ ಶಾಲಾ ಶೌಚಾಲಯಗಳ ಬಗ್ಗೆ ಸಿಎಜಿ ವರದಿ 2020ರಲ್ಲಿ ಸಂಸತ್ತಿನ ಮುಂದೆ ಬಂತು. ತಪಾಸಣೆ ಮಾಡಿದ 1,967 ಸಹಶಿಕ್ಷಣ ಶಾಲೆಗಳಲ್ಲಿ 99ರಲ್ಲಿ ಬಳಸುವ ಸ್ಥಿತಿಯ ಶೌಚಾಲಯ ಒಂದೂ ಇರಲಿಲ್ಲ. 436ರಲ್ಲಿ ಒಂದೇ ಒಂದು ಇತ್ತು. ಶೇ. 72ರಷ್ಟು ಶೌಚಾಲಯಗಳ ಒಳಗೆ ಹರಿಯುವ ನೀರಿರಲಿಲ್ಲ. ಆ 436 ಶಾಲೆಗಳನ್ನು ಗಮನಿಸಿ. ಅಲ್ಲಿ ‘ಎಲ್ಲರಿಗೂ ಒಂದೇ’ ಈಗಾಗಲೇ ಜಾರಿಯಲ್ಲಿದೆ. ಅದು ಯಾವ ಸಿದ್ಧಾಂತದಿಂದ ಬಂದದ್ದೂ ಅಲ್ಲ, ಎರಡನೆಯದು ಕೆಟ್ಟು ನಿಂತದ್ದರಿಂದ ಬಂದದ್ದು. ಅಲ್ಲಿಯ ಹುಡುಗಿಯರಿಗೆ ಅದು ಬಿಡುಗಡೆಯಂತೂ ಅಲ್ಲ.

ಅಂಜಲಿ ಅಡುಕಿಯ ಅವರ 2017ರ ಅಧ್ಯಯನ ಇಲ್ಲಿ ಬಹಳ ಸಹಾಯಕ್ಕೆ ಬರುತ್ತದೆ. 2000ದ ದಶಕದ ಮೊದಲ ಭಾಗದಲ್ಲಿ ಭಾರತದ ಶಾಲೆಗಳಲ್ಲಿ ಶೌಚಾಲಯ ಕಟ್ಟಿದ ಮೇಲೆ ದಾಖಲಾತಿ ಹೇಗೆ ಬದಲಾಯಿತು ಎಂದು ಅವರು ನೋಡಿದ್ದಾರೆ. ಚಿಕ್ಕ ಮಕ್ಕಳ ವಿಷಯದಲ್ಲಿ ಶೌಚಾಲಯ ಯಾವ ಬಗೆಯದಾದರೂ ಲಾಭವೇ, ಗಂಡಿಗೂ ಹೆಣ್ಣಿಗೂ. ಆದರೆ ಮೈನೆರೆಯುವ ವಯಸ್ಸಿನ ಹುಡುಗಿಯರ ದಾಖಲಾತಿ ಹೆಚ್ಚಿದ್ದು ಪ್ರತ್ಯೇಕ ಶೌಚಾಲಯ ಬಂದಲ್ಲಿ, ಎಲ್ಲರೂ ಬಳಸುವ ಶೌಚಾಲಯದಿಂದ ಅವರಿಗೆ ಆ ಪ್ರಯೋಜನ ಆಗಲಿಲ್ಲ. ಒಂದೇ ಪ್ರಶ್ನೆಗೆ ವಯಸ್ಸಿನ ಪ್ರಕಾರ ಎರಡು ಉತ್ತರ. ನಮ್ಮ ಊರಿನ ಅನುಭವಕ್ಕೆ ಇದು ಸರಿಯಾಗಿ ಹೊಂದುತ್ತದೆ. ಒಂದನೇ ತರಗತಿಯಲ್ಲಿ ಮುಲೇ-ಮುಲೀ ತಿಳಿಯದೆ ಯಾವ ಬಾಗಿಲಲ್ಲಿ ಹೊಕ್ಕರೂ ನನಗೇನೂ ಆಗಲಿಲ್ಲ. ಆರನೇ ತರಗತಿಯಲ್ಲಿ ಹಾಗಿರಲಿಲ್ಲ.

ಇಷ್ಟಾದ ಮೇಲೆ ‘ಪ್ರತ್ಯೇಕ’ ಎಂಬ ಪದವನ್ನು ವಿಮರ್ಶೆಗೆ ಒಡ್ಡಬೇಕು. ಕಾಯ್ದೆಯಲ್ಲಿ ಆ ಪದ ಇನ್ನೊಂದು ಪದದ ಕೆಲಸವನ್ನೂ ಮಾಡುತ್ತಿದೆ. ಆ ಇನ್ನೊಂದು ಪದ ‘ಮರೆ’. ನಮ್ಮೂರಿನ ಮರಾಠಿ ಹೆಂಗಸರು ‘ಆಡೋಸಾ’ ಅಂತಾರೆ, ನಮ್ಮ ಆಯಿ ‘ಮರಿ’ ಅಂತಾಳೆ, ‘ಜಾಲಿ ಕಂಟಿ ಮರಿಗೆ’ ಅನ್ನುವ ಹಾಗೆ. ಹೆಣ್ಣುಮಕ್ಕಳಿಗೆ ಮೊದಲು ಬೇಕಾದದ್ದು ಮರೆ. ಪ್ರತ್ಯೇಕತೆ ಆ ಮರೆಯನ್ನು ದೊರಕಿಸುವ ಒಂದು ದಾರಿ. ಮನೆಯ ಶೌಚಾಲಯವನ್ನು ಅಪ್ಪ, ಅಣ್ಣ, ನಾನು ಎಲ್ಲರೂ ಬಳಸ್ತೀವಿ. ರೈಲಿನ ಡಬ್ಬಿಯ ಶೌಚಾಲಯಕ್ಕೆ ಗಂಡು ಹೆಣ್ಣೆಂಬ ಫಲಕ ಇಲ್ಲ. ಅಲ್ಲಿ ಒಬ್ಬರಿಗೆ ಒಂದು ಕೋಣೆ, ಪೂರ್ತಿ ಬಾಗಿಲು, ಒಳಚಿಲಕ ಇವೆ. ಆದರೆ ಅರ್ಧ ಗೋಡೆ, ಮುರಿದ ಚಿಲಕ ಇರುವ ಶಾಲೆಯಲ್ಲಿ ‘ಹುಡುಗಿಯರು’ ಎಂಬ ಬರಹವೇ ಹುಡುಗಿಗೆ ಉಳಿದ ಒಂದೇ ಮರೆ. ಅದನ್ನು ಅಳಿಸಿ ‘ಎಲ್ಲರಿಗೂ’ ಎಂದು ಬರೆಯುವುದು ಸುಲಭ, ಖರ್ಚೂ ಇಲ್ಲ. ಅದಕ್ಕೇ ನನಗೆ ಭಯ. ಸಮಾನತೆಯ ಹೆಸರಿನಲ್ಲಿ ಒಂದು ಕೋಣೆಯ ಹಣ ಉಳಿಸುವ ಉಪಾಯ ಅದಾಗಬಾರದು.

ಹಾಗಂತ ಎರಡು ಬಾಗಿಲಿಗೆ ಚರ್ಚೆ ಮುಗಿಯಿತು ಅಂತಲೂ ನಾನು ಹೇಳಲಾರೆ. ನನ್ನ ತರಗತಿಯಲ್ಲಿ ಒಬ್ಬ ಇದ್ದ. ಹುಡುಗರ ಕಡೆ ಒಂದು ಉದ್ದ ಗೋಡೆ, ಸಾಲಾಗಿ ನಿಲ್ಲಬೇಕು, ನಡುವೆ ಏನೂ ಅಡ್ಡ ಇಲ್ಲ. ಅವನು ಅಲ್ಲಿ ನಿಲ್ಲುತ್ತಿರಲಿಲ್ಲ. ನಿಂತ ದಿನ ಉಳಿದವರು ಏನು ಮಾಡಿದರು ಅನ್ನೋದನ್ನ ನಾವು ಹುಡುಗಿಯರು ಅವರ ನಗೆಯಿಂದಲೇ ತಿಳಿದುಕೊಂಡೆವು, ನಾವೂ ನಕ್ಕೆವು. ಅವನ ಮನೆ ಶಾಲೆಗೆ ಹತ್ತಿರ ಇತ್ತು. ಸಣ್ಣ ವಿರಾಮದಲ್ಲಿ ಓಡಿಹೋಗಿ ಬರುತ್ತಿದ್ದ, ತಡವಾಗಿ ಬಂದದ್ದಕ್ಕೆ ಬೆಂಚಿನ ಮೇಲೆ ನಿಲ್ಲುತ್ತಿದ್ದ. ಹೈಸ್ಕೂಲು ನಮ್ಮೂರಿಂದ ಆರು ಕಿಲೋಮೀಟರ್. ಅಲ್ಲಿಂದ ಓಡಿಹೋಗಲು ಮನೆ ಇರಲಿಲ್ಲ. ಎಂಟನೇ ತರಗತಿಯನ್ನು ಅರ್ಧಕ್ಕೆ ಬಿಟ್ಟ. ಅವನನ್ನು ಇವತ್ತು ಯಾವ ಪದದಿಂದ ಕರೆಯಬೇಕು ಎಂದು ತೀರ್ಮಾನಿಸುವ ಹಕ್ಕು ನನಗಿಲ್ಲ. ಆ ಎರಡೂ ಬಾಗಿಲುಗಳಲ್ಲಿ ಅವನಿಗೆ ಮರೆ ಸಿಗಲಿಲ್ಲ ಅನ್ನುವುದನ್ನಷ್ಟೇ ಹೇಳಬಲ್ಲೆ.

ಇಲ್ಲಿ ನಮ್ಮ ಸಾಹಿತ್ಯದ ಓದಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಗುರುಗಳು ತಪ್ಪು ತಿಳಿಯಬಾರದು. ಜೇಡರ ದಾಸಿಮಯ್ಯನ ಗಂಡು ಹೆಣ್ಣಿನ ವಚನ ನಮ್ಮಲ್ಲಿ ಎಲ್ಲರಿಗೂ ಬಾಯಿಪಾಠ. ಪ್ರತಿ ಗೋಷ್ಠಿಯಲ್ಲೂ ಅದು ಬರುತ್ತದೆ, ಲಿಂಗಭೇದವನ್ನು ಮೀರಿದ ಪರಂಪರೆ ನಮ್ಮದು ಅಂತ ಹೆಮ್ಮೆಪಟ್ಟು ಕೆಳಗೆ ಕೂರ್ತೀವಿ. ಮಂಜಮ್ಮ ಜೋಗತಿ ಅವರ ಆತ್ಮಕಥನಕ್ಕೆ ಅರುಣ್ ಜೋಳದಕೂಡ್ಲಿಗಿ ಅವರ ನಿರೂಪಣೆಯಲ್ಲಿ ‘ನಡುವೆ ಸುಳಿವ ಹೆಣ್ಣು’ ಅಂತ ಹೆಸರು ಬಂದಾಗ ಆ ವಚನಕ್ಕೆ ಒಂದು ಮೈ ಸಿಕ್ಕಿತು ಅಂತ ನನಗನ್ನಿಸಿತು. ವಚನ ಮಾತಾಡುವುದು ಆತ್ಮದ ಬಗ್ಗೆ. ಆತ್ಮಕ್ಕೆ ಶೌಚಾಲಯ ಬೇಕಿಲ್ಲ. ಮೈ ಇರುವವರಿಗೆ ಬೇಕು, ಅದರಲ್ಲೂ ಹತ್ತೂವರೆಯಿಂದ ಐದರವರೆಗೆ ಶಾಲೆಯಲ್ಲಿ ಕೂರುವ ಮಕ್ಕಳಿಗೆ. ನಮ್ಮ ಕಡೆಯಿಂದ ಜನ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೋಗ್ತಾರೆ, ಜೋಗಪ್ಪನ ಕೈಯಿಂದ ಭಂಡಾರ ಹಚ್ಚಿಸಿಕೊಳ್ತಾರೆ. ಗುಡ್ಡದ ಮೇಲೆ ಅವರಿಗೊಂದು ಹೆಸರಿದೆ, ಒಂದು ಜಾಗ ಇದೆ. ಊರಿನ ಶಾಲೆಯಲ್ಲಿ ಅದೇ ಬಗೆಯ ಮಗುವಿಗೆ ಹೆಸರೂ ಇಲ್ಲ, ಜಾಗವೂ ಇಲ್ಲ. ಈ ಎರಡನ್ನೂ ಒಟ್ಟಿಗಿಟ್ಟು ಓದದಿದ್ದರೆ ನಮ್ಮ ಹೆಮ್ಮೆ ಅರ್ಧದ್ದು.

ಹೊಸ ಪರಿಭಾಷೆಯೂ ನನಗೆ ಸಮಾಧಾನ ಕೊಡುವುದಿಲ್ಲ. ‘ಲಿಂಗ ತಟಸ್ಥ ಶೌಚಾಲಯ’ ಅಂತ ಈಗ ಬರೀತಾರೆ. ತಟಸ್ಥ ಅಂದರೆ ದಡದಲ್ಲಿ ನಿಂತವರು, ಯಾವ ಪಕ್ಷವನ್ನೂ ವಹಿಸದವರು. ಇಲ್ಲಿ ಮಗುವಿಗೆ ಬೇಕಿರುವುದು ಅದರ ಪಕ್ಷ ವಹಿಸುವ ಕೋಣೆ. ಇನ್ನು ‘ತೃತೀಯ ಲಿಂಗಿಗಳಿಗೆ’ ಅಂತ ಬಾಗಿಲ ಮೇಲೆ ಬರೆದರೆ, ಆ ಬಾಗಿಲು ತೆರೆದ ಮಗು ಇಡೀ ಶಾಲೆಯ ಎದುರು ತನ್ನ ಬಗ್ಗೆ ಘೋಷಣೆ ಮಾಡಿದಂತಾಗುತ್ತದೆ. ಹನ್ನೆರಡು ವರ್ಷದ ಮಗುವಿನಿಂದ ನಾವು ಅಂಥ ಧೈರ್ಯ ಕೇಳಬಾರದು.

ಹಾಗಾಗಿ ನನ್ನ ವಾದ ಇಷ್ಟು. ಹುಡುಗಿಯರ ಪ್ರತ್ಯೇಕ ಶೌಚಾಲಯವನ್ನು, ಅದರಲ್ಲೂ ಐದನೇ ತರಗತಿಯಿಂದ ಮೇಲೆ, ಯಾವ ಕಾರಣಕ್ಕೂ ಬಿಟ್ಟುಕೊಡಬಾರದು. ಹುಡುಗರ ಕಡೆಯೂ ಅಡ್ಡಗೋಡೆ, ಬಾಗಿಲು ಬೇಕು, ನಾಚಿಕೆ ಅವರಿಗೂ ಇದೆ. ಇವೆರಡರ ಜೊತೆಗೆ ಪೂರ್ತಿ ಗೋಡೆಯ, ಒಳಚಿಲಕದ, ನೀರಿರುವ ಒಂಟಿ ಕೋಣೆ ಒಂದು ಇರಬೇಕು. ಅದರ ಮೇಲೆ ಬರೀ ‘ಶೌಚಾಲಯ’ ಅಂತಿರಲಿ. ಕಾಲಿಗೆ ತೊಂದರೆ ಇರುವ ಮಗು, ಹೊಟ್ಟೆ ಕೆಟ್ಟ ಮಗು, ಮುಟ್ಟಿನ ದಿನ ಸ್ವಲ್ಪ ಹೊತ್ತು ಬೇಕಾದ ಹುಡುಗಿ, ಸಾಲಿನಲ್ಲಿ ನಿಲ್ಲಲಾಗದ ನನ್ನ ಸಹಪಾಠಿ ಎಲ್ಲರೂ ಹೋಗಬಹುದು. ಯಾಕೆ ಹೋದೆ ಅಂತ ಯಾರೂ ಕೇಳುವ ಹಾಗಿರಬಾರದು. ದಿನಾ ತೊಳೆಯುವವರಿಗೆ ಸಂಬಳ ಗೊತ್ತುಮಾಡದೆ ಇದ್ಯಾವುದೂ ನಿಲ್ಲುವುದಿಲ್ಲ. ಸಂಬಳ ಇಲ್ಲದ ಕಡೆ ಆ ಕೆಲಸ ಯಾವ ಓಣಿಯ ಮಕ್ಕಳ ಪಾಲಿಗೆ ಬರುತ್ತದೆ ಅನ್ನೋದು ಹಳ್ಳಿಯಿಂದ ಬಂದ ನಮಗೆಲ್ಲ ಗೊತ್ತು.

ಕೊನೆಯದಾಗಿ ಗಡಿಯ ಮಾತು. 2022ರ ನವೆಂಬರಿನಲ್ಲಿ ಜತ್ತ ತಾಲೂಕಿನ 40 ಹಳ್ಳಿಗಳು ಎರಡೂ ರಾಜ್ಯಗಳ ಪತ್ರಿಕೆಗಳಲ್ಲಿ ಸುದ್ದಿಯಾದವು. ನೀರಿಲ್ಲದ ಹಳ್ಳಿಗಳು ಕರ್ನಾಟಕಕ್ಕೆ ಸೇರುವ ಮಾತಾಡಿದ್ದವು ಎಂಬುದು ಸುದ್ದಿ. ಎರಡೂ ಕಡೆಯವರು ಹೊಲದ ನೀರಿನ ಬಗ್ಗೆ ಮಾತಾಡಿದರು, ಮಾತಾಡಬೇಕಾದದ್ದೇ. ನಮ್ಮ ಶಾಲೆಯ ಖಾಲಿ ಟಾಕಿ, ಅದರಿಂದಾಗಿ ಬಿದ್ದ ಬೀಗ ಯಾವ ಭಾಷಣದಲ್ಲೂ ಬರಲಿಲ್ಲ. ಕನ್ನಡ ಶಾಲೆ ಉಳಿಯಬೇಕು ಅನ್ನುವ ನಾವು ಅಲ್ಲಿ ಎಷ್ಟು ಮಕ್ಕಳಿದ್ದಾರೆ ಅಂತ ಎಣಿಸ್ತೀವಿ. ಏಳನೇ ತರಗತಿ ಮುಗಿಯುವ ಮುಂಚೆ ಎಷ್ಟು ಹುಡುಗಿಯರು ಯಾಕೆ ಬಿಟ್ಟರು ಅಂತ ಕೇಳುವುದಿಲ್ಲ. ಅಕ್ಕಲಕೋಟೆಗೋ ಜತ್ತಕ್ಕೋ ಕಾಸರಗೋಡಿಗೋ ನಮ್ಮ ವಿಭಾಗದಿಂದ ಸಮೀಕ್ಷೆಗೆ ಹೋದಾಗ ಪಠ್ಯಪುಸ್ತಕ ಬಂದಿದೆಯೇ ಅಂತ ಕೇಳೋಣ. ಹಾಗೇ ಶಾಲೆಯ ಹಿಂದುಗಡೆಗೂ ಹೋಗಿ, ಬಾಗಿಲ ಮೇಲೆ ಏನು ಬರೆದಿದೆ, ಯಾವ ಭಾಷೆಯಲ್ಲಿ ಬರೆದಿದೆ ನೋಡಿ, ಆ ಬಾಗಿಲನ್ನು ಒಮ್ಮೆ ತೆರೆದೂ ನೋಡೋಣ. ಬೀಗ ಇದ್ದರೆ ಕೀಲಿಕೈ ಕೇಳೋಣ.