ನಾಟಕ ಕಂಪನಿಗಳ ಸಂಚಾರವೂ ಚರಿತ್ರೆಯ ಕೊರತೆಯೂ

1884ರಲ್ಲಿ ಸ್ಥಾಪಿತವಾದ ಗುಬ್ಬಿ ಚನ್ನಬಸವೇಶ್ವರ ನಾಟಕ ಸಂಘವನ್ನು ಕುರಿತ ಬರವಣಿಗೆಯು ಬಹುಮಟ್ಟಿಗೆ ಗುಬ್ಬಿ ವೀರಣ್ಣನವರ ಜೀವನಕಥೆಯೇ ಆಗಿದೆ. ಅವರ ಪ್ರತಿಭೆ ನಿರ್ವಿವಾದವಾದುದು. ಆದರೆ ಕಂಪನಿಯ ಬಾಳು ರಂಗದ ಮೇಲೆ ಮಾತ್ರವಲ್ಲದೆ ದಾರಿಯ ಮೇಲೂ ಸಾಗಿತು. ಗುಬ್ಬಿಯನ್ನು ಹಾದುಬರುವ ರೈಲುಮಾರ್ಗವು ಅರಸೀಕೆರೆಯಲ್ಲಿ ಹಾಸನ, ಮೈಸೂರುಗಳ ಮಾರ್ಗವನ್ನು ಕೂಡುತ್ತದೆ. ಪರದೆ, ಪೆಟ್ಟಿಗೆ, ಅಡುಗೆಯವರು, ಮಕ್ಕಳುಮರಿಗಳೊಡನೆ ಹೊರಡುವ ಕಂಪನಿಗೆ ಇಂತಹ ಜಂಕ್ಷನ್ನಿನ ಮಹತ್ವವನ್ನು ವಿವರಿಸಬೇಕಾಗಿಲ್ಲ. ಆ ಕಾಲದಲ್ಲಿ ರೈಲು ಕಾಣದ ಬೇಲೂರು, ಹಳೇಬೀಡುಗಳಿಗಾದರೋ ಗಾಡಿ, ಮೋಟಾರುಗಳೇ ಗತಿ. ಆದುದರಿಂದ ಯಾವ ಊರು ಯಾವ ನಾಟಕವನ್ನು ಕಂಡಿತೆಂಬುದನ್ನು ಸಾಗಾಣಿಕೆಯೂ ನಿರ್ಣಯಿಸಿರಬೇಕೆಂದು ನಾವು ಭಾವಿಸುತ್ತೇವೆ.

ಇದೇ ಬೇಲೂರು ಇನ್ನೊಂದು ಪಾಠವನ್ನೂ ಕಲಿಸುತ್ತದೆ. 1117ರಲ್ಲಿ ಪ್ರತಿಷ್ಠಿತವಾದ ಚೆನ್ನಕೇಶವ ದೇವಾಲಯದಲ್ಲಿ ದುಡಿದ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಇವರೂ ಊರು ಬಿಟ್ಟು ಬಂದ ಕಲಾವಿದರೇ. ತಮ್ಮ ಕೃತಿಗಳ ಮೇಲೆ ಹೆಸರು ಕೆತ್ತಿದುದರಿಂದ ಅವರನ್ನು ನಾವು ಬಲ್ಲೆವು. ಒಂಬತ್ತು ಶತಮಾನಗಳ ಹಿಂದಿನ ಶಿಲ್ಪಿಯ ಹೆಸರು ಉಳಿದಿರಲು, ಮೊನ್ನೆ ಮೊನ್ನೆ ಪರದೆ ಬರೆದವರ, ಅಡುಗೆ ಮಾಡಿದವರ ಹೆಸರುಗಳು ಅಳಿಯುತ್ತಿರುವುದು ವಿಷಾದದ ಸಂಗತಿ. ಕರಪತ್ರ, ಲೆಕ್ಕದ ಪುಸ್ತಕ, ವೃದ್ಧ ನಟರ ನೆನಪುಗಳನ್ನು ಊರೂರಿನಲ್ಲಿ ಸಂಗ್ರಹಿಸುವವರೆಗೆ ಕಂಪನಿ ನಾಟಕದ ಚರಿತ್ರೆಯು ಯಜಮಾನರ ಚರಿತ್ರೆಯಾಗಿಯೇ ಉಳಿಯುವುದು.